ಅರ್ಧ ಪೌಂಡಿನ ಲೆಕ್ಕ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ - ಇಂದು ವಿಜಯನಗರ ಜಿಲ್ಲೆಗೆ ಸೇರಿರುವ ಈ ತಾಲ್ಲೂಕುಗಳಲ್ಲಿ ‘ಗುಳೆ’ ಎಂಬ ಮಾತನ್ನು ಅರಿಯದವರಿಲ್ಲ. ಮಳೆ ಕೈಕೊಟ್ಟ ವರ್ಷ ಮನೆಗೆ ಬೀಗ ಹಾಕಿ, ಕೂಲಿಯನ್ನರಸಿ ಪರಸ್ಥಳಕ್ಕೆ ಹೊರಡುವುದೇ ಗುಳೆ. ಹಾಗೆ ಹೋದವರನ್ನು ಕುರಿತು “ಜನ ಹೇಗೋ ಸುಧಾರಿಸಿಕೊಂಡರು” ಎನ್ನುವುದು ವಾಡಿಕೆ. ಈ ಮಾತಿನ ನಿಜವಾದ ಬೆಲೆ ಏನೆಂಬುದನ್ನು ತಿಳಿಯಲು ನಾವು ಧಾತು, ಈಶ್ವರ ಸಂವತ್ಸರಗಳ ಮಹಾಕ್ಷಾಮದ ಕಾಲಕ್ಕೆ ಹೋಗಬೇಕು.

1876ರಿಂದ 1878ರವರೆಗಿನ ಆ ಕ್ಷಾಮದಲ್ಲಿ ಈ ಸೀಮೆ ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯಲ್ಲಿತ್ತು. ಬರದ ಹೊಡೆತ ಬಲವಾಗಿ ಬಿದ್ದ ಜಿಲ್ಲೆಗಳಲ್ಲಿ ಅದೂ ಒಂದು. ಸರ್ಕಾರ ಪರಿಹಾರ ಕಾಮಗಾರಿಗಳನ್ನು ತೆರೆಯಿತು. ಮಣ್ಣು ಹೊತ್ತು, ಕಲ್ಲು ಒಡೆದವರಿಗೆ ಹೊಟ್ಟೆಪಾಡಿನ ಕೂಲಿ ದೊರೆಯುತ್ತಿತ್ತು.

1877ರ ಜನವರಿಯಲ್ಲಿ ವೈಸರಾಯ್ ಲಿಟ್ಟನ್ ದಕ್ಷಿಣಕ್ಕೆ ಸರ್ ರಿಚರ್ಡ್ ಟೆಂಪಲ್‌ನನ್ನು ಕಳುಹಿಸಿದನು. ಈ ಟೆಂಪಲ್ 1873-74ರ ಬಿಹಾರದ ಬರದಲ್ಲಿ ಬರ್ಮಾದಿಂದ ಅಕ್ಕಿ ತರಿಸಿ ಅಸಂಖ್ಯ ಪ್ರಾಣಗಳನ್ನು ಉಳಿಸಿದ್ದವನು. ಅದಕ್ಕಾಗಿಯೇ ದುಂದುಗಾರನೆಂಬ ಅಪವಾದಕ್ಕೂ ಗುರಿಯಾಗಿದ್ದವನು. ಈ ಸಲ ಅವನು ಉಳಿಸಹೊರಟದ್ದು ಬೊಕ್ಕಸವನ್ನು. ದುಡಿಯುವ ಗಂಡಸಿನ ಕಾಳಿನ ಪ್ರಮಾಣ ಒಂದೂವರೆ ಪೌಂಡಿನಿಂದ ಒಂದು ಪೌಂಡಿಗೆ ಇಳಿಯಿತು. ಜೊತೆಗೆ ಒಂದಿಷ್ಟು ಕಾಸು. ಒಂದು ಪೌಂಡೆಂದರೆ ಇಂದಿನ ಸುಮಾರು 450 ಗ್ರಾಂ. ಕಾಳು ಇಳಿಯಿತೇ ಹೊರತು ಹೊರುವ ಮಣ್ಣು ಹಗುರವಾಗಲಿಲ್ಲ.

ಜನ ಇದನ್ನು ತಲೆಬಾಗಿ ಒಪ್ಪಿದರೆಂದು ತಿಳಿಯಬಾರದು. ಮುಂಬಯಿ ಪ್ರಾಂತದಲ್ಲಿ ಸಾವಿರಾರು ಕೂಲಿಗಳು ಕಾಮಗಾರಿಗಳನ್ನು ತೊರೆದು ಹೊರನಡೆದರು. ಪುಣೆಯ ಸಾರ್ವಜನಿಕ ಸಭೆ ಅವರ ಪರವಾಗಿ ಮಾತನಾಡಿತು. ಮದರಾಸಿನಲ್ಲಿ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷ್, ಇಷ್ಟು ಆಹಾರ ದುಡಿಯುವ ದೇಹಕ್ಕೆ ಸಾಲದೆಂದು ಪಟ್ಟುಹಿಡಿದು ವಾದಿಸಿದನು. ಅದೇ ವರ್ಷ ಮದರಾಸು ಸರ್ಕಾರ ಕೂಲಿಯನ್ನು ಮತ್ತೆ ಏರಿಸಿತು. ಆದರೆ ನಡುವಣ ತಿಂಗಳುಗಳಲ್ಲಿ ಸೊರಗಿದ ದೇಹಗಳಿಗೆ ಆ ತಿಂಗಳುಗಳನ್ನು ಮರಳಿ ಕೊಡುವವರಾರು?

ಇಂದು ಕಾಲ ಬದಲಾಗಿದೆ. 2013ರ ಆಹಾರ ಭದ್ರತಾ ಕಾಯಿದೆ ಆದ್ಯತಾ ಕುಟುಂಬದ ಪ್ರತಿಯೊಬ್ಬರಿಗೂ ತಿಂಗಳಿಗೆ 5 ಕಿಲೋ ಧಾನ್ಯವನ್ನು ಹಕ್ಕಾಗಿ ಕೊಟ್ಟಿದೆ. ಅದು ದೊಡ್ಡ ಗೆಲುವು. ಆದರೂ ಪ್ರಮಾಣದ ಪ್ರಶ್ನೆ ಮುಗಿದಿಲ್ಲ. 2023ರ ಜುಲೈಯಲ್ಲಿ ಅನ್ನಭಾಗ್ಯದ ಹೆಚ್ಚುವರಿ 5 ಕಿಲೋ ಅಕ್ಕಿ ದೊರೆಯದೆ, ನಮ್ಮ ರಾಜ್ಯ ಸರ್ಕಾರ ಕಿಲೋಗೆ 34 ರೂಪಾಯಿಯಂತೆ ಹಣ ನೀಡತೊಡಗಿತು. ಹಣ ಬಂದುದು ನಿಜ. ಆದರೆ ಸಂತೆಯ ಧಾರಣೆ ಸರ್ಕಾರದ ಆದೇಶವನ್ನು ಕೇಳುವುದಿಲ್ಲ.

ಕಾಳು ಇಳಿದಾಗ ಮನೆಗಳು ಸುಧಾರಿಸಿಕೊಳ್ಳುತ್ತವೆ, ನಿಜ. ತಾಯಿ ಒಂದು ಹೊತ್ತಿನ ಊಟ ಬಿಡುತ್ತಾಳೆ. ಎತ್ತು ಸಂತೆಗೆ ಹೋಗುತ್ತದೆ. ಶಾಲೆಯ ಹುಡುಗ ಗುಳೆಯ ಲಾರಿ ಹತ್ತುತ್ತಾನೆ. ಬೊಕ್ಕಸದ ಪುಸ್ತಕದಲ್ಲಿ ಉಳಿತಾಯವೆಂದು ಬರೆದದ್ದನ್ನು ತೆರುವವರು ಇವರೇ. ಅಳತೆಯನ್ನು ಇಳಿಸುವ ಕೈ ಮೊದಲು ಆ ಮನೆಯ ಗಡಿಗೆಯನ್ನು ನೋಡಬೇಕು ಎಂಬುದೇ 1877ರ ಪಾಠ.