ತೊಗಲು, ತಂಬಾಕಿನ ಪರಿಮಳ: ಸೀಸೆಯೊಳಗೆ ಏನಿದೆ?

ಹೈದರಾಬಾದಿನಿಂದ ತಂದ ಅಥವಾ ಮೊಬೈಲಿನಲ್ಲಿ ತರಿಸಿಕೊಂಡ ಸೆಂಟಿನ ಸೀಸೆಗಳ ಮೇಲೆ ಈಗೀಗ ‘ಲೆದರ್’, ‘ಟೊಬ್ಯಾಕೊ’ ಎಂಬ ಹೆಸರುಗಳು ಕಾಣುತ್ತವೆ. ಮಲ್ಲಿಗೆ, ಗಂಧ, ಕೇದಗೆ ನಮಗೆ ಗೊತ್ತು. ತೊಗಲು, ತಂಬಾಕನ್ನು ಯಾರಾದರೂ ಮೈಗೆ ಹಚ್ಚಿಕೊಳ್ಳುತ್ತಾರೆಯೇ ಎಂದು ಕೇಳುವವರಿಗಾಗಿ ಈ ಬರಹ.

ಮೊದಲು ತಿಳಿಯಬೇಕಾದದ್ದು, ‘ಲೆದರ್’ ಸೀಸೆಯಲ್ಲಿ ಚರ್ಮ ಇರುವುದಿಲ್ಲ. ಬರ್ಚ್ ಎಂಬ ಮರದ ತೊಗಟೆಯನ್ನು ಗಾಳಿಯಾಡದಂತೆ ಸುಟ್ಟು ಇಳಿಸಿದ ಕಪ್ಪು ಎಣ್ಣೆ ಹೊಗೆಯ ವಾಸನೆ ಕೊಡುತ್ತದೆ; ಐಸೊಬ್ಯುಟೈಲ್ ಕ್ವಿನೊಲಿನ್ ಎಂಬ ರಾಸಾಯನಿಕ ಒಣ, ಕಹಿ ಗುಣ ಕೊಡುತ್ತದೆ. ಎರಡೂ ಕೂಡಿದರೆ ಮೂಗು ಅದನ್ನು ಚರ್ಮವೆಂದೇ ಓದುತ್ತದೆ. ನಮ್ಮ ಊರುಗಳಲ್ಲಿ ಇದಕ್ಕೆ ಹೋಲಿಕೆ ಹುಡುಕಬೇಕಿಲ್ಲ: ಬಾರಿಸುವ ಮುನ್ನ ಹಲಗೆಯನ್ನು ಬೆಂಕಿಗೆ ಹಿಡಿದು ಕಾಯಿಸುವಾಗ ಏಳುವ ವಾಸನೆಯನ್ನು ನೆನೆಸಿಕೊಳ್ಳಿ. ಒಳ್ಳೆಯ ಲೆದರ್ ಸೆಂಟು ಅದಕ್ಕೆ ಬಹಳ ಹತ್ತಿರ.

ತಂಬಾಕಿನ ಪರಿಮಳವೆಂದರೆ ಬೀಡಿಯ ಹೊಗೆಯಲ್ಲ. ಹದವಾಗಿ ಒಣಗಿದ ಎಲೆಯ ವಾಸನೆ ಅದು: ಒಣಹುಲ್ಲು, ಜೇನು, ಖರ್ಜೂರ ಬೆರೆತಂತೆ. ಎಲೆಯಿಂದ ತೆಗೆದ ದಟ್ಟ ಸಾರವನ್ನು, ಸಾಮಾನ್ಯವಾಗಿ ನಿಕೋಟಿನ್ ಬೇರ್ಪಡಿಸಿ, ಸ್ವಲ್ಪವೇ ಬಳಸುತ್ತಾರೆ. ಉಳಿದ ಸಿಹಿಯೆಲ್ಲ ವೆನಿಲ್ಲಾದ್ದು ಮತ್ತು ಕೂಮರಿನ್‌ನದು. ಟೊಂಕಾ ಬೀಜದಲ್ಲಿರುವ ಈ ಕೂಮರಿನ್ ಅನ್ನು ವಿಲಿಯಂ ಪರ್ಕಿನ್ 1868ರಲ್ಲಿ ಪ್ರಯೋಗಾಲಯದಲ್ಲಿ ತಯಾರಿಸಿದರು. ಅಗ್ಗದ ‘ಟೊಬ್ಯಾಕೊ’ ಸೀಸೆಗಳಲ್ಲಿ ಬರೀ ವೆನಿಲ್ಲಾವೇ ತುಂಬಿರುತ್ತದೆ, ಐಸ್‌ಕ್ರೀಮ್ ಹಚ್ಚಿಕೊಂಡಂತೆ.

ಹಸಿ ತೊಗಲು ನಾರುತ್ತದೆ, ಹಸಿ ತಂಬಾಕಿನ ಎಲೆಗೆ ಆ ಪರಿಮಳವೇ ಇಲ್ಲ. ಎರಡಕ್ಕೂ ವಾಸನೆ ಬರುವುದು ಹದ ಮಾಡುವ ಕೈಯಿಂದ. ತೆಲಂಗಾಣದ ರಾಜ್ಯಪುಷ್ಪವಾದ, ಬತುಕಮ್ಮದಲ್ಲಿ ಜೋಡಿಸುವ ತಂಗಡಿ ಹೂವಿನ ಗಿಡವನ್ನೇ ನೋಡಿ: ಅದರ ತೊಗಟೆಯ ಒಗರಿನಿಂದಲೇ ದಕ್ಷಿಣ ಭಾರತದಲ್ಲಿ ತಲೆಮಾರುಗಳ ಕಾಲ ತೊಗಲನ್ನು ಹದ ಮಾಡಿದ್ದಾರೆ. ಅಥಣಿ, ನಿಪ್ಪಾಣಿ ಕಡೆಯ ಕೊಲ್ಹಾಪುರಿ ಚಪ್ಪಲಿಗೆ ಜಾಲಿಯ ತೊಗಟೆ ಮತ್ತು ಅಳಲೆಕಾಯಿ ಬೇಕು. ಆ ಚಪ್ಪಲಿಗೆ 2019ರಲ್ಲಿ ಸಿಕ್ಕ ಭೌಗೋಳಿಕ ಗುರುತಿನಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರವೂ ಇವೆ. ತಂಬಾಕಿಗೂ ಹೀಗೆಯೇ ಎರಡು ದಾರಿ. ಹುಣಸೂರು, ಪಿರಿಯಾಪಟ್ಟಣದಲ್ಲಿ ಎಲೆಯನ್ನು ಕೋಲಿಗೆ ಕಟ್ಟಿ, ಬ್ಯಾರನ್ನಿನಲ್ಲಿ ತೂಗುಹಾಕಿ, ದಿನಗಟ್ಟಲೆ ಬಿಸಿಗಾಳಿಯಲ್ಲಿ ಬೇಯಿಸುತ್ತಾರೆ. ನಿಪ್ಪಾಣಿಯ ಬೀಡಿ ತಂಬಾಕು ಬಿಸಿಲಿನಲ್ಲಿ ಒಣಗುತ್ತದೆ. ನಮ್ಮಂತೆಯೇ ಗಡಿಯ ಊರಾದ ನಿಪ್ಪಾಣಿ ಎರಡೂ ವಾಸನೆಗಳ ತವರು.

ಸುಗಂಧಕ್ಕೂ ಚರ್ಮಕ್ಕೂ ನಂಟು ಹಳೆಯದು. ಫ್ರಾನ್ಸಿನ ಗ್ರಾಸ್ ಮೊದಲು ಚರ್ಮ ಹದ ಮಾಡುವ ಊರಾಗಿತ್ತು. ಕೈಗವಸಿನ ನಾತ ಮುಚ್ಚಲು ಹೂವಿನ ಪರಿಮಳ ಹಾಕುತ್ತಾ ಹಾಕುತ್ತಾ ಸುಗಂಧದ ರಾಜಧಾನಿಯಾಯಿತು. ಉತ್ತರಪ್ರದೇಶದ ಕನೋಜಿನಲ್ಲಿ ಬಟ್ಟಿ ಇಳಿಸಿದ ಅತ್ತರನ್ನು ‘ಕುಪ್ಪಿ’ ಎಂಬ ಚರ್ಮದ ಸೀಸೆಗೆ ತುಂಬುವ ಪದ್ಧತಿ ಇದೆ. ನೀರಿನಂಶ ಚರ್ಮದ ಮೂಲಕ ಆರಿಹೋಗಿ ಎಣ್ಣೆ ಉಳಿಯುತ್ತದೆ. ಚರ್ಮ, ತಂಬಾಕು ಎರಡನ್ನೂ ಕೂಡಿಸಿ ಹೆಸರಾದ ಮೊದಲಿನವುಗಳಲ್ಲಿ ಕಾರೋನ್ ಸಂಸ್ಥೆಯ ‘ತಬಾ ಬ್ಲೋಂ’ ಒಂದು. 1919ರಲ್ಲಿ ಬಂದ ಅದು ಹೆಂಗಸರಿಗೆಂದು ಮಾಡಿದ್ದು. ಆದ್ದರಿಂದ ಇದು ಗಂಡಸರ ವಾಸನೆ ಎಂಬ ಅಂಗಡಿಯವರ ಮಾತಿಗೆ ಹೆಚ್ಚು ಬೆಲೆ ಕೊಡಬೇಕಿಲ್ಲ.

ಇನ್ನೊಂದು ವಿಷಯವನ್ನು ನಾವು ಬಿಟ್ಟು ಮುಂದೆ ಹೋಗಲಾರೆವು. ತೊಗಲು ಹದ ಮಾಡಿದವರನ್ನು ಅದೇ ವಾಸನೆಯ ನೆಪದಲ್ಲಿ ಊರಾಚೆ ಇರಿಸಿದ್ದು ನಮ್ಮದೇ ಊರುಗಳು. ನಿಪ್ಪಾಣಿಯ ತಂಬಾಕು ಕಾರ್ಖಾನೆಗಳಲ್ಲಿ ಧೂಳು ಕುಡಿದು ದುಡಿದ ಹೆಂಗಸರು ಸಂಘ ಕಟ್ಟಿ ಹೋರಾಡಿದರು. ದೀಪಾ ಧನರಾಜ್ ಮತ್ತು ಯುಗಾಂತರ್ ತಂಡ 1982ರಲ್ಲಿ ಅದನ್ನು ‘ತಂಬಾಕು ಚಾಕಿಲಾ ಊಬ್ ಆಲಿ’ ಎಂಬ ಸಾಕ್ಷ್ಯಚಿತ್ರವಾಗಿಸಿದರು. ಈಗ ಅದೇ ಎರಡು ವಾಸನೆಗಳು ಸಾವಿರಾರು ರೂಪಾಯಿಯ ಸೀಸೆಯಲ್ಲಿ ಕೂತು ‘ಶ್ರೀಮಂತ ಪರಿಮಳ’ ಎನಿಸಿಕೊಂಡಿವೆ.

ಕೊಳ್ಳುವ ಮನಸ್ಸಿದ್ದವರಿಗೆ ಒಂದೆರಡು ಮಾತು. ಇವು ನಿಧಾನವಾಗಿ ಆರುವ ಭಾರದ ಪರಿಮಳಗಳು, ಗಂಟೆಗಟ್ಟಲೆ ನಿಲ್ಲುತ್ತವೆ. ಸೀಸೆ ಮೂಸಿದ ಕೂಡಲೇ ಕೊಳ್ಳಬೇಡಿ; ಮಣಿಕಟ್ಟಿಗೆ ಹಾಕಿ ಅರ್ಧ ಗಂಟೆ ಸುತ್ತಾಡಿ ಬನ್ನಿ, ಮೊದಲ ಹೊಗೆ ಇಳಿದ ಮೇಲೆ ಉಳಿಯುವುದೇ ಅದರ ನಿಜವಾದ ಗುಣ. ನಮ್ಮ ಏಪ್ರಿಲ್, ಮೇ ಬಿಸಿಲಿಗೆ ಇದು ತಲೆನೋವು ತರಬಹುದು. ಚಳಿಗಾಲದ ಸಂಜೆಗೆ, ಮದುವೆಯ ರಾತ್ರಿಯೂಟಕ್ಕೆ ಒಂದೇ ಒಂದು ಸಲ ಒತ್ತಿದರೆ ಸಾಕು. ಗಾಢ ಬಣ್ಣದ ಎಣ್ಣೆಯ ಅತ್ತರಾದರೆ ಬಿಳಿ ಧೋತರಕ್ಕೆ, ತಿಳಿಬಣ್ಣದ ನಾರಾಯಣಪೇಟೆ ಸೀರೆಗೆ ತಾಗಿಸಬೇಡಿ, ಕಂದು ಕಲೆ ಉಳಿಯುತ್ತದೆ.