ಸಹಿ ಇಲ್ಲದ ಗೋಡೆಗಳು

ಕುಪ್ಪಳ್ಳಿಗೆ ಹೋದವರು ಕವಿಶೈಲ ಹತ್ತದೆ ವಾಪಸ್ ಬರಲ್ಲ. ಕಲಾವಿದ ಕೆ.ಟಿ. ಶಿವಪ್ರಸಾದ್ ವಿನ್ಯಾಸ ಮಾಡಿದ ಆ ಭಾರೀ ಕಲ್ಲುಗಳ ನಡುವೆ ನಿಂತು ಫೋಟೊ ತೆಗೆಸಿಕೊಳ್ತಾರೆ, ಸೂರ್ಯ ಮುಳುಗೋವರೆಗೂ ಕೂರ್ತಾರೆ. ಅಲ್ಲೇ ಒಂದು ಬಂಡೆ ಮೇಲೆ ಕೊರೆದ ಹೆಸರುಗಳಿವೆ: ಬಿ.ಎಂ.ಶ್ರೀ, ಟಿ.ಎಸ್. ವೆಂಕಣ್ಣಯ್ಯ, ಕುವೆಂಪು. ಇಸವಿ 1936. ಗುರುಗಳು ಶಿಷ್ಯನ ಊರಿಗೆ ಬಂದಿದ್ದರು, ಬಂಡೆ ಮೇಲೆ ಸಹಿ ಉಳಿಯಿತು. ‘ಕಾನೂರು ಹೆಗ್ಗಡಿತಿ’ ಪ್ರಕಟವಾದದ್ದೂ ಅದೇ ವರ್ಷ.

ಆ ಕಾದಂಬರಿಯಲ್ಲಿ ಹಳೇಪೈಕದವರು ಬರ್ತಾರೆ, ಓದಿದವರಿಗೆ ನೆನಪಿರುತ್ತೆ. ಘಟ್ಟದ ಈ ಕಡೆ, ಸಾಗರ, ಸೊರಬ, ಹೊಸನಗರದಲ್ಲಿ ಅವರನ್ನೇ ದೀವರು ಅಂತ ಕರೀತೀವಿ. ಬಂಡೆ ಮೇಲೆ ಸಹಿ ಬಿದ್ದ ಕಾಲಕ್ಕೂ, ಅದಕ್ಕಿಂತ ಎಷ್ಟೋ ಮೊದಲಿಂದಲೂ, ದೀವರ ಹೆಣ್ಣುಮಕ್ಕಳು ಮನೆ ಗೋಡೆ ಮೇಲೆ ಚಿತ್ತಾರ ಬರೀತಾ ಬಂದಿದ್ದಾರೆ. ಒಂದರ ಕೆಳಗೂ ಸಹಿ ಇಲ್ಲ.

ಹಸೆ ಚಿತ್ತಾರ ನೋಡದವರಿಗೆ ಸ್ವಲ್ಪ ವಿವರ ಹೇಳ್ತೀನಿ. ಮದುವೆ ಮನೆಯ ಗೋಡೆಗೆ ಮೊದಲು ಕೆಮ್ಮಣ್ಣು ಸಾರಿಸ್ತಾರೆ. ಅಕ್ಕಿ ನೆನೆಸಿ ನುಣ್ಣಗೆ ಅರೆದರೆ ಬಿಳಿ ಬಣ್ಣ. ಅದೇ ಅಕ್ಕಿಯನ್ನ ಕಪ್ಪಾಗೋ ತನಕ ಹುರಿದು ಅರೆದರೆ ಕಪ್ಪು. ಹಳದಿಗೆ ಗುರಿಗೆ ಕಾಯಿ. ಕುಂಚ ಅಂದ್ರೆ ಪುಂಡಿ ನಾರು. ಅದರಿಂದ ಎಳೆ ಎಳೆಯಾಗಿ, ಸ್ಕೇಲಿಲ್ಲದೆ, ಪೆನ್ಸಿಲ್ ಗುರುತಿಲ್ಲದೆ, ಗೋಡೆ ತುಂಬ ಗೆರೆ ಎಳೀತಾರೆ. ಬಾಸಿಂಗ ಬರುತ್ತೆ, ಜೋಗಿ ಜಡೆ ಬರುತ್ತೆ, ತೇರು ಬರುತ್ತೆ. ಬರೆಯೋರು ಬರೀತಾ ಇದ್ದರೆ ಪಕ್ಕದಲ್ಲಿ ಕೂತವರು ಹಾಡು ಹೇಳ್ತಾರೆ. ಗಂಡು ಹೆಣ್ಣು ಹಸೆ ಮೇಲೆ ಕೂರೋದು ಆ ಗೋಡೆ ಎದುರಿಗೆ. ಭೂಮಿ ಹುಣ್ಣಿಮೆ ಬಂದಾಗ ಇದೇ ಕೈಗಳು ಬುಟ್ಟಿ ಮೇಲೆ ಚಿತ್ತಾರ ತೆಗೀತವೆ. ಆ ಭೂಮಣ್ಣಿ ಬುಟ್ಟಿಯಲ್ಲಿ ಎಡೆ ಇಟ್ಟುಕೊಂಡು ಗದ್ದೆಗೆ ಹೋಗ್ತಾರೆ, ತುಂಬು ಬಸುರಿ ಭೂಮಿತಾಯಿಗೆ ಬಯಕೆ ಊಟ ಹಾಕೋಕೆ.

ಸಹಿ ಯಾಕಿಲ್ಲ? ಒಂದು ಕಾರಣ ಸರಳ. ಮುಂದಿನ ಸಲ ಸಾರಿಸೋವಾಗ ಹೇಗೂ ಅಳಿಸಿ ಹೋಗುತ್ತೆ. ಇನ್ನೊಂದು, ನೋಡೋಕೆ ಬರೋರೆಲ್ಲ ನೆಂಟರು, ಅಕ್ಕಪಕ್ಕದವರು. ಯಾರ ಕೈ ಅಂತ ಗೆರೆ ನೋಡೇ ಹೇಳಬಲ್ಲವರು. ಗುರುತಿರೋರ ಮುಂದೆ ಯಾರೂ ವಿಸಿಟಿಂಗ್ ಕಾರ್ಡ್ ಕೊಡಲ್ಲವಲ್ಲ, ಹಾಗೆ.

ಆದರೆ ಗೋಡೆಗೂ ಒಂದು ಚರಿತ್ರೆ ಇದೆ. ಈ ಚಿತ್ತಾರ ಬರೆದವರ ಮನೆಗಳಲ್ಲಿ ಬಹಳಷ್ಟು ಗೇಣಿದಾರರ ಮನೆಗಳು. 1951ರಲ್ಲಿ ಸಾಗರದ ಹತ್ತಿರದ ಕಾಗೋಡಿನಲ್ಲಿ, ಗೇಣಿ ಭತ್ತ ಅಳೆಯೋ ಕೊಳಗದ ಗಾತ್ರದ ವಿಷಯವಾಗಿ ಶುರುವಾದ ಜಗಳ ಸತ್ಯಾಗ್ರಹವಾಯಿತು. ಗೇಣಿದಾರರು ಹೆಚ್ಚಿನವರು ದೀವರು, ಮುಂದೆ ನಿಂತವರು ಎಚ್. ಗಣಪತಿಯಪ್ಪ. ರಾಮಮನೋಹರ ಲೋಹಿಯಾ ಬಂದು ಇಲ್ಲೇ ಬಂಧನವಾದರು. ಉಳುವವನೇ ಹೊಲದೊಡೆಯ ಅನ್ನೋ ಮಾತು ಕಾನೂನಾಗಿ ಜಾರಿಯಾಗೋಕೆ 1974ರ ತನಕ ಕಾಯಬೇಕಾಯ್ತು. ಈ ನಡುವೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗೀತು. ಶರಾವತಿ ನೀರು ಸಾಗರ, ಹೊಸನಗರ ಸೀಮೆಯ ಊರೂರನ್ನೇ ನುಂಗಿತು. ಮನೆ ಬಿಟ್ಟು ಹೋಗೋರು ಹೆಂಚು ಇಳಿಸಿಕೊಂಡು ಹೋಗಬಹುದು, ಬಾಗಿಲು ದಾರಂದ ಕಿತ್ತು ಗಾಡಿಗೆ ಹಾಕಬಹುದು. ಮಣ್ಣಿನ ಗೋಡೆಯನ್ನ ಹೇಗೆ ಒಯ್ಯೋದು? ಬೆಂಗಳೂರಲ್ಲಿ ನಾವು ಸ್ವಿಚ್ ಒತ್ತಿದಾಗ ಬರೋ ಕರೆಂಟಿನ ಲೆಕ್ಕದಲ್ಲಿ ಆ ಗೋಡೆಗಳೂ ಸೇರಬೇಕು ಅಂತ ನನಗೆ ಅನಿಸುತ್ತೆ.

ನೀರು ಬಿಟ್ಟ ಗೋಡೆಗಳನ್ನ ಸಿಮೆಂಟ್ ತೆಗೆದುಕೊಂಡಿತು. ಡಿಸ್ಟೆಂಪರ್ ಗೋಡೆ ಮೇಲೆ ಅಕ್ಕಿ ಹಿಟ್ಟು ನಿಲ್ಲಲ್ಲ. ಮದುವೆಗಳು ಛತ್ರಕ್ಕೆ ಹೋದವು, ಹಸೆಯ ಹಿಂದೆ ಫ್ಲೆಕ್ಸ್ ಬಂತು. ಚಿತ್ತಾರ ಮಾತ್ರ ಸಾಯಲಿಲ್ಲ, ಗೋಡೆ ಇಳಿದು ಕಾಗದ, ಬಟ್ಟೆ, ಹಲಗೆಗೆ ಬಂತು. ಫ್ರೇಮ್ ಆಯಿತು, ಊರು ಬಿಟ್ಟು ಹೊರಟಿತು. ತೊಂದರೆ ಶುರುವಾಗಿದ್ದು ಇಲ್ಲಿ. ಗೆರೆ ನೋಡಿ ಕೈ ಗುರುತಿಸೋ ನೆಂಟರು ಬೆಂಗಳೂರಿನಲ್ಲಿಲ್ಲ. ನಾನು ಹಿಂದೆ ಕೆಲಸ ಮಾಡ್ತಿದ್ದ ಒಂದು ಆಫೀಸಿನ ಕೆಫೆಟೇರಿಯಾ ಗೋಡೆಗೆ ಜೋಗಿ ಜಡೆಯ ದೊಡ್ಡ ಸ್ಟಿಕ್ಕರ್ ಅಂಟಿಸಿದ್ದರು. ಮೂಲೆಯಲ್ಲಿ ಡಿಸೈನ್ ಕಂಪನಿಯ ಲೋಗೊ. ಅದೇ ಆಫೀಸಿನಲ್ಲಿ ಕೋಡಿನ ಒಂದೊಂದು ಸಾಲನ್ನೂ ಯಾರು ಬರೆದರು, ಯಾವತ್ತು ಬರೆದರು ಅಂತ ಗಿಟ್‌ನಲ್ಲಿ ತೆಗೆದು ನೋಡಬಹುದಿತ್ತು! ಕಾನೂನೂ ಇಲ್ಲಿ ಅಷ್ಟಾಗಿ ಕೈ ಹಿಡಿಯಲ್ಲ. 1957ರ ಕಾಪಿರೈಟ್ ಕಾಯ್ದೆ ಕಾಯೋದು ಒಬ್ಬ ಕರ್ತೃವಿನ ಕೃತಿಯನ್ನ. ತಲೆಮಾರುಗಳಿಂದ ಬಂದ ವಿನ್ಯಾಸಕ್ಕೆ ಅಲ್ಲಿ ಜಾಗ ಕಡಿಮೆ.

ಹಾಗಾದರೆ ಈ ಚಿತ್ರಗಳು ಹೆಸರಿನ ಸಮೇತ ಕೂರೋ ಜಾಗ ಯಾವುದು? ಆರ್ಟ್ ಗ್ಯಾಲರಿ ಬೆಂಗಳೂರಿನಲ್ಲಿದೆ, ಬರೆಯೋರು ಇಲ್ಲಿದ್ದಾರೆ. ನನ್ನ ಕಣ್ಣಿಗೆ ಬಿದ್ದಿದ್ದು ಪಂಚಾಯ್ತಿ ಲೈಬ್ರರಿ. ಕನ್ನಡದಲ್ಲಿ ಚಿತ್ರವನ್ನೂ ‘ಬರೆಯೋದು’ ಅಂತಾನೇ ಹೇಳೋದು, ಪುಸ್ತಕವನ್ನೂ ಬರೆಯೋದೇ. ಒಂದೇ ಕೋಣೆಯಲ್ಲಿದ್ದರೆ ತಪ್ಪೇನು?

ಇದರಲ್ಲಿ ನಿಮ್ಮ ದುಡ್ಡೂ ಇದೆ. ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂದಿದ್ದು 1965ರಲ್ಲಿ. ಬೆಂಗಳೂರಲ್ಲಿ ಫ್ಲ್ಯಾಟ್ ಇದ್ದರೆ ಪ್ರಾಪರ್ಟಿ ಟ್ಯಾಕ್ಸ್ ರಸೀದಿ ತೆಗೆದು ನೋಡಿ, ತೆರಿಗೆಯ ಮೇಲೆ ನೂರಕ್ಕೆ 6ರಂತೆ ಗ್ರಂಥಾಲಯ ಕರ ಕಟ್ಟಿರ್ತೀರಿ. ಹಳ್ಳಿಯಲ್ಲೂ ಮನೆ ಕಂದಾಯದ ಜೊತೆ ಇದು ಇದ್ದೇ ಇದೆ. ಊರ ಲೈಬ್ರರಿಗಳು ಮೊದಲು ಗ್ರಂಥಾಲಯ ಇಲಾಖೆಯ ಕೈಲಿದ್ದವು. 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. 2020ರ ನವೆಂಬರ್‌ನಲ್ಲಿ, ಕೊರೊನಾದಿಂದ ಶಾಲೆ ಮುಚ್ಚಿದ್ದಾಗ, ‘ಓದುವ ಬೆಳಕು’ ಶುರುವಾಗಿ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ಈಗ ಬೋರ್ಡಿನ ಮೇಲೆ ‘ಅರಿವು ಕೇಂದ್ರ’ ಅಂತ ಬರೆದಿರುತ್ತೆ. ನಮ್ಮೂರಲ್ಲಿ ಎಲ್ಲರೂ ಈಗಲೂ ಲೈಬ್ರರಿ ಅಂತಾನೇ ಕರೆಯೋದು.

ಹೋದ ವರ್ಷ ಭೂಮಿ ಹುಣ್ಣಿಮೆಗೆ ಊರಿಗೆ ಹೋಗಿದ್ದೆ. ಆ ಲೈಬ್ರರಿಯ ಮೇಲ್ವಿಚಾರಕಿ ಊರಿನ ಹೆಂಗಸರು ಬರೆದ ಚಿತ್ತಾರದ ಹಲಗೆಗಳನ್ನ ತರಿಸಿ, ಪುಸ್ತಕದ ರ‍್ಯಾಕ್ ಸರಿಸಿ, ಮೊಳೆ ಹೊಡೆದು ನೇತುಹಾಕಿದ್ದರು. ಉದ್ಘಾಟನೆ, ಶಾಲು, ಹಾರ ಏನೂ ಇರಲಿಲ್ಲ. ಪೇಪರ್ ಓದೋಕೆ ಬರೋ ರಿಟೈರ್ಡ್ ಮೇಷ್ಟ್ರು, ಶಾಲೆ ಬಿಟ್ಟು ಬರೋ ಮಕ್ಕಳು, ರೇಷನ್ನಿಗೆ ಬಂದವರು ಹಾಗೇ ಒಳಗೆ ಬಂದು ನೋಡಿ ಹೋಗ್ತಿದ್ದರು. ನನಗೆ ಕೊಟ್ಟ ಕೆಲಸ ಹೆಸರಿನ ಚೀಟಿ ಬರೆಯೋದು. ಇಂಜಿನಿಯರ್ ಅಂದ್ರೆ ಕಂಪ್ಯೂಟರ್ ಪ್ರಿಂಟ್ ತೆಗೆದುಕೊಡ್ತಾನೆ ಅಂತ ಅವರ ಲೆಕ್ಕ. ಪ್ರಿಂಟರಿನಲ್ಲಿ ಇಂಕ್ ಇರಲಿಲ್ಲ, ಸ್ಕೆಚ್ ಪೆನ್ನಲ್ಲಿ ಬರೆದೆ.

ಪಕ್ಕದ ಮನೆ ದೊಡ್ಡಮ್ಮನ ಹತ್ತಿರ ಬಂದಾಗ ಕೆಲಸ ನಿಂತಿತು.

“ನನ್ ಹೆಸ್ರು ಬ್ಯಾಡ ತಮ್ಮಾ. ಇದು ನಮ್ಮತ್ತೆ ಕೈ. ನಾ ಹೊಸ್ತಾಗಿ ಏನ್ ಬರ್ದೀನಿ?”

“ಎಳೆ ಎಳೆದಿದ್ದು ನೀವಲ್ವಾ ದೊಡ್ಡಮ್ಮ?”

“ಎಳ್ದಿದ್ದು ನಾನೇಯ. ಆದ್ರೆ ಕೈ ಅವ್ರದ್ದು.”

ಇದು ಬರೀ ವಿನಯದ ಮಾತು ಅಂತ ನನಗೆ ಅನ್ನಿಸಲಿಲ್ಲ. ಚಿತ್ತಾರ ಯಾರದ್ದು ಅನ್ನೋದಕ್ಕೆ ಅವರ ಹತ್ತಿರ ಸ್ಪಷ್ಟ ಉತ್ತರ ಇದೆ, ನಮ್ಮ ಚೀಟಿಯಲ್ಲಿ ಅದಕ್ಕೆ ಕಾಲಂ ಇರಲಿಲ್ಲ ಅಷ್ಟೇ. ಹೆಸರೇ ಬೇಡ ಅಂತ ಬಿಡೋಣ ಅಂದ್ರೆ, ಖಾಲಿ ಬಿಟ್ಟ ಜಾಗದಲ್ಲಿ ಯಾರ ಲೋಗೊ ಬಂದು ಕೂರುತ್ತೆ ಅಂತ ಕೆಫೆಟೇರಿಯಾದಲ್ಲಿ ನೋಡಿದ್ದೆ. ಕೊನೆಗೆ ಚೀಟಿಯಲ್ಲಿ ಎರಡು ಸಾಲು ಮಾಡಿದ್ವಿ: ‘ಕೈ’ ಅಂತ ಒಂದು, ‘ಎಳೆ’ ಅಂತ ಇನ್ನೊಂದು. ಮೊದಲ ಸಾಲಿನಲ್ಲಿ ಅತ್ತೆಯ ಹೆಸರು, ಎರಡನೇದರಲ್ಲಿ ಸೊಸೆಯ ಹೆಸರು, ಕೆಳಗೆ ಊರು, ತಾರೀಖು. ಮಿಕ್ಕವರೂ ತಮ್ಮ ಚೀಟಿ ವಾಪಸ್ ತಂದು ಹಾಗೇ ಬರೆಸಿಕೊಂಡರು. ಅಮ್ಮ, ಅಜ್ಜಿ, ಸೋದರತ್ತೆ. ಒಬ್ಬರು ಕಲಿಸಿದವರ ಹೆಸರು ಮರೆತು, ಮನೆಗೆ ಹೋಗಿ ಅಣ್ಣನನ್ನ ಕೇಳಿಕೊಂಡು ಬಂದರು.

ಹಬ್ಬ ಮುಗಿದ ಮೇಲೆ ಎರಡು ಹಲಗೆಗಳನ್ನ ಲೈಬ್ರರಿಗೇ ಬಿಟ್ಟುಕೊಟ್ಟರು. ಬಂದ ವಸ್ತುವನ್ನ ಎಲ್ಲಾದರೂ ದಾಖಲು ಮಾಡಲೇಬೇಕಲ್ಲ, ಮೇಲ್ವಿಚಾರಕಿ ಪುಸ್ತಕಗಳ ರಿಜಿಸ್ಟರನ್ನೇ ತೆಗೆದರು. ಹಿಂದಿನ ದಿನ ಬಂದ ಎಸ್‌ಎಸ್‌ಎಲ್‌ಸಿ ಗೈಡಿನ ಕೆಳಗೆ ಮುಂದಿನ ಎರಡು ನಂಬರ್ ಹಾಕಿ, ‘ಲೇಖಕರು’ ಅನ್ನೋ ಕಾಲಂನಲ್ಲಿ ಜಾಗ ಸಾಲದೆ, ಇಬ್ಬಿಬ್ಬರ ಹೆಸರನ್ನ ಸಣ್ಣ ಅಕ್ಷರದಲ್ಲಿ ಒಂದರ ಕೆಳಗೊಂದು ಬರೆದರು.