ನಮ್ಮೂರಿಗೆ ಬಾರದ ಉಗಿಬಂಡಿ



ಚೆಂಡಿಯಾದ ಮಕ್ಕಳಿಗೆ ನಾನು 'ಚುಕುಬುಕು' ಎಂದು ರೈಲಾಟ ಆಡಿಸುತ್ತಿದ್ದ ಕಾಲದಲ್ಲಿ ನಮ್ಮೂರಿನಲ್ಲಿ ರೈಲನ್ನು ಕಂಡವರೇ ವಿರಳ. ಇದಕ್ಕೊಂದು ಇತಿಹಾಸವಿದೆ.

1862ರಲ್ಲಿ ಉತ್ತರ ಕನ್ನಡವು ಮುಂಬಯಿ ಪ್ರಾಂತಕ್ಕೆ ಸೇರಿತು. ಧಾರವಾಡ ಸೀಮೆಯ ಹತ್ತಿಯನ್ನು ಕಾರವಾರ ಬಂದರಿನಿಂದ ಹಡಗಿಗೇರಿಸುವ ಆಸೆ ಆಗ ಬಲವಾಗಿತ್ತು. ಹುಬ್ಬಳ್ಳಿಯಿಂದ ಕಾರವಾರಕ್ಕೆ ಹಳಿ ಹಾಕುವ ಮಾತೂ ನಡೆದಿತ್ತು. ಆದರೆ 1888ರಲ್ಲಿ ರೈಲು ಕ್ಯಾಸಲ್‌ರಾಕ್ ಘಟ್ಟವಿಳಿದು ಪೋರ್ಚುಗೀಸರ ಮರ್ಮಗೋವಾ ಬಂದರನ್ನು ಸೇರಿತು. ಹತ್ತಿ ಅದರ ಬೆನ್ನು ಹಿಡಿಯಿತು. ಕಾರವಾರ ಬಡವಾಯಿತು.

1965ರಲ್ಲಿ ಬಸ್ಸಿನಲ್ಲಿ ಅರಬೈಲ್ ಘಟ್ಟವೇರಿ ಹುಬ್ಬಳ್ಳಿಗೆ ಹೋದಾಗ ನಾನು ಮೊದಲ ಬಾರಿಗೆ ಉಗಿಬಂಡಿಯನ್ನು ಕಂಡೆ. ಕರಿಯ ಮೈ, ಬಿಳಿಯ ಉಗಿ, ಎದೆಯೊಳಗೆ ಅನುರಣಿಸುವ ಕೂಗು! ಸಲಿಕೆಯಿಂದ ಕುಲುಮೆಗೆ ಕಲ್ಲಿದ್ದಲು ತುಂಬುತ್ತಿದ್ದವನ ಬೆವರನ್ನೂ ಕಂಡೆ. ಆ ವೈಭವವನ್ನು ಕೊಂಡಾಡುವವರು ಆ ಬೆವರನ್ನು ಮರೆಯಬಾರದು.

1998ರ ಜನವರಿ 26ರಂದು ಕೊಂಕಣ ರೈಲುಮಾರ್ಗ ಪೂರ್ಣವಾಗಿ ತೆರೆದುಕೊಂಡಿತು. ಅಷ್ಟರಲ್ಲಿ ಉಗಿಯ ಕಾಲ ಮುಗಿದಿತ್ತು. ನಮಗೆ ಡೀಸೆಲ್ ಬಂತು. 2022ರಲ್ಲಿ ಮಾರ್ಗದ ವಿದ್ಯುದೀಕರಣವೂ ಮುಗಿಯಿತು. ಹುಬ್ಬಳ್ಳಿ–ಅಂಕೋಲಾ ಮಾರ್ಗ ಮಾತ್ರ ಇನ್ನೂ ಪೂರ್ಣಗೊಂಡಿಲ್ಲ.

ಈಚೆಗೆ ಹಾರವಾಡ ನಿಲ್ದಾಣದಲ್ಲಿ ಶಿಷ್ಯನೊಬ್ಬನ ಮಗಳು ಕೇಳಿದಳು: "ಅಜ್ಜಾ, ಈ ರೈಲು ಚುಕುಬುಕು ಅನ್ನುವುದೇ ಇಲ್ಲವಲ್ಲ?"

ನಾನು ನಕ್ಕೆ, ಮನಸ್ಸು ಮಾತ್ರ ಭಾರವಾಯಿತು. ನಮ್ಮೂರಿಗೆ ದೊರೆಯದೇ ಹೋದುದನ್ನೇ ನಾನು ಇಷ್ಟು ವರ್ಷ ಮಕ್ಕಳಿಗೆ ನೆನಪೆಂದು ಕಲಿಸಿದ್ದೆ.